ಕುಶಾಲಪ್ಪನ ಹುಬ್ಬು

ಇವತ್ತು ಬೆಳಿಗ್ಗೆ ಅಮ್ಮತ್ತಿ ಪೇಟೆಯಲ್ಲಿ ಒಂದು ಗೊಂಬೆಗೆ ನಮಸ್ಕಾರ ಹೇಳಿದೆ. ರೆಡಿಮೇಡ್ ಬಟ್ಟೆಯಂಗಡಿಯವರು ಜರ್ಕಿನ್ ತೊಡಿಸಿ ಬಾಗಿಲ ಪಕ್ಕ ನಿಲ್ಲಿಸುತ್ತಾರಲ್ಲ, ಆ ಗೊಂಬೆ. ಬರೀ ನಮಸ್ಕಾರಕ್ಕೆ ಮುಗಿದಿದ್ದರೆ ಚಿಂತೆಯಿರಲಿಲ್ಲ. "ಏನು, ಚಳಿ ಜಾಸ್ತಿಯಾ?" ಎಂದು ವಿಚಾರಿಸಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದೂ ನಿಂತಿದ್ದೆ. ಕೊನೆಗೆ ಅಂಗಡಿಯವನೇ ಒಳಗಿನಿಂದ ಗೊಂಬೆಯ ಪರವಾಗಿ, "ಹೌದು ಮೇಷ್ಟ್ರೆ, ಅದಕ್ಕೇ ಜರ್ಕಿನ್ ಹಾಕಿದ್ದು" ಎಂದ. ನಾನು ನಕ್ಕೆ, ಅವನೂ ನಕ್ಕ. ಗೊಂಬೆ ನಕ್ಕಿತೋ ಇಲ್ಲವೋ ನನಗೆ ಕಾಣಿಸಲಿಲ್ಲ.

ಹಿಂದೆ ಹೀಗಾಗಿದ್ದರೆ ನಾನು ಆ ರಸ್ತೆಗೆ ಮತ್ತೆ ಕಾಲಿಡುತ್ತಿರಲಿಲ್ಲ. ಈಗ ನನ್ನದು ಉದಾರ ನೀತಿ. ಮನುಷ್ಯರ ಎತ್ತರದ್ದು ಏನು ಎದುರಾದರೂ ಮೊದಲು ನಮಸ್ಕಾರ, ಆಮೇಲೆ ವಿಚಾರಣೆ. ಲೈಟುಕಂಬ, ಕೊಕ್ಕೆಗೆ ನೇತುಹಾಕಿದ ರೇನ್‌ಕೋಟು, ಅಂಗಡಿ ಮುಂದೆ ನಿಲ್ಲಿಸಿದ ಸುರುಳಿ ಚಾಪೆ, ಎಲ್ಲರೂ ನನ್ನಿಂದ ಗೌರವ ಪಡೆದವರೇ. ಕಂಬಕ್ಕೆ ನಮಸ್ಕಾರ ಹೇಳಿದರೆ ಯಾರಿಗೂ ನಷ್ಟವಿಲ್ಲ. ಮನುಷ್ಯನಿಗೆ ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಕುಶಾಲಪ್ಪನ ಹುಬ್ಬಿನಿಂದ ಕಲಿತೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ಆದರೆ ನಾನು ಯಾವುದನ್ನೂ ನೇರವಾಗಿ ಹೇಳಿದವನಲ್ಲ. ಈಗಂತೂ ನೇರವಾಗಿ ನೋಡುವುದಕ್ಕೂ ಆಗುವುದಿಲ್ಲ.

ಮೊದಲು ಕಣ್ಣಿನ ವಿಚಾರ ಮುಗಿಸಿಬಿಡುತ್ತೇನೆ, ಕೇಳುವವರಿಗೆ ಯಾವಾಗಲೂ ಅದರ ಮೇಲೇ ಧ್ಯಾನ. ನಾನು ಪೂರ್ತಿ ಕುರುಡನಲ್ಲ. ದೋಸೆ ಹುಯ್ಯುವಾಗ ಕಾವಲಿಯ ನಡುವೆ ಮೊದಲ ಸೌಟು ಹಿಟ್ಟು ಬೀಳುತ್ತದಲ್ಲ, ಹಾಗೆ ನನ್ನ ಎರಡೂ ಕಣ್ಣುಗಳ ನಟ್ಟನಡುವೆ ಒಂದು ಮಸುಕು ಬಿದ್ದಿದೆ. ಸುತ್ತಲಿನ ಅಂಚು ಚೆನ್ನಾಗಿಯೇ ಇದೆ. ಹಾಗಾಗಿ ನಾನು ನೋಡಿದ್ದು ನನಗೆ ಕಾಣುವುದಿಲ್ಲ. ನೋಡದೆ ಬಿಟ್ಟದ್ದು ಕಾಣುತ್ತದೆ. ರಸ್ತೆಯ ಬದಿಯಲ್ಲಿ ಮಲಗಿದ ನಾಯಿ ಕಾಣುತ್ತದೆ, ಎದುರಿಗೆ ನಿಂತ ನೆಂಟ ಕಾಣುವುದಿಲ್ಲ. ನಿಮ್ಮ ಮುಖದ ಒಂದು ಅಂದಾಜಾದರೂ ಸಿಗಬೇಕಾದರೆ ನಾನು ನಿಮ್ಮ ಪಕ್ಕದ ಗೋಡೆಯನ್ನು ನೋಡಬೇಕು. ನೀವು ಮನೆಯ ಕಷ್ಟ ಹೇಳಿಕೊಳ್ಳುವಾಗ ನಾನು ಕ್ಯಾಲೆಂಡರಿನ ಕಡೆ ನೋಡುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಪೂರ್ತಿ ಗಮನ ನಿಮ್ಮ ಮೇಲಿದೆ ಎಂದು ಅರ್ಥ.

ಈ ಕಣ್ಣು ಸಿಕ್ಕಿದ್ದು ಎಂಥವನಿಗೆ ನೋಡಿ. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ನಾನೊಬ್ಬ ಮೈಸೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿ, ವಿರಾಜಪೇಟೆಯ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತನಾದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ ವಾಕ್ಯ: "ಅದಕ್ಕೆ ಆಧಾರ ಏನು?" ಯಾರು ಏನು ಹೇಳಿದರೂ ಬಾಯಿಂದ ಅದು ತಾನಾಗಿ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಶಾರದ "ಸಾರಿಗೆ ಉಪ್ಪು ಹಾಕಿದ್ದೀನಿ" ಎಂದಾಗಲೂ ಹಾಗೇ ಕೇಳಿದ್ದೆನಂತೆ. ನನಗೆ ನೆನಪಿಲ್ಲ, ಅವಳ ಹತ್ತಿರ ಆಧಾರವೂ ಇಲ್ಲ. ಹುಡುಗರು ನನ್ನನ್ನು ಆಧಾರ ಮೇಷ್ಟ್ರು ಎನ್ನುತ್ತಿದ್ದರು. ಸರ್ಕಾರ ಎಲ್ಲರಿಗೂ ಕಾರ್ಡು ಹಂಚಿದ ಮೇಲೆ ಆಧಾರ್ ಕಾರ್ಡ್ ಮೇಷ್ಟ್ರಾದೆ. ಪುಟ್ಟಸ್ವಾಮಿ ಎಂಬ ನನ್ನ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿಯಿತು.

ಕುಶಾಲಪ್ಪ ಇದಕ್ಕೆ ತದ್ವಿರುದ್ಧ. ಸಂಪಾಜೆಯವನು, ಮನೆಯಲ್ಲಿ ಅರೆಭಾಷೆ ಮಾತಾಡುವ ಗೌಡರ ಪೈಕಿ. ಅಮ್ಮತ್ತಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಎಸ್ಟೇಟಿನ ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಕುಶಾಲಪ್ಪ ಮಾತ್ರ ಹಾಜರಿಯನ್ನು ಪುಸ್ತಕದಲ್ಲಿ ಬರೆದು ಕತೆಯನ್ನು ಬಾಯಲ್ಲಿ ಇಟ್ಟುಕೊಂಡಿದ್ದ. ಅವನ ಊರಿನ ಮಾತಿನಲ್ಲಿ ಕುಶಾಲು ಎಂದರೆ ತಮಾಷೆ. ಹೆಸರಿಗೆ ತಕ್ಕ ಮನುಷ್ಯ. ಭಾನುವಾರ ಸಂಜೆ ನಮ್ಮ ಮನೆಯ ಜಗುಲಿಗೆ ಬಂದು ಕೂತರೆ ಶಾರದ ಕೊಟ್ಟ ಕಾಫಿ ಆರುವ ತನಕ ಅವನ ಅಜ್ಜನ ಪುರಾಣ.

"ನನ್ನಜ್ಜ ಘಾಟಿಯಲ್ಲಿ ನಡ್ಕೊಂಡು ಬರ್ತಾ ಇರುವಾಗ ಹುಲಿ ಅಡ್ಡ ಬಂತು ಮಾರಾಯ. ಅಜ್ಜ ಬೈದರು. ಬೈದದ್ದು ಕೇಳಿ ಹುಲಿಗೇ ಬೇಜಾರಾಗಿ ಹೋಯ್ತು."

"ಅದಕ್ಕೆ ಆಧಾರ ಏನು?"

"ನನ್ನಜ್ಜನೇ ಆಧಾರ."

"ಅವರ ಕತೆಗೆ ಅವರೇ ಆಧಾರ ಆದ್ರೆ ಹೇಗಯ್ಯಾ?"

"ಮತ್ತೆಂತ, ಹುಲಿ ಬಂದು ಸಾಕ್ಷಿ ಹೇಳ್ಬೇಕಿತ್ತಾ?"

ಹೀಗೆ ಹೇಳುವಾಗ ಅವನ ಹುಬ್ಬು ಗಂಟಾಗುತ್ತಿತ್ತು. ಆ ಹುಬ್ಬುಗಳ ಬಗ್ಗೆ ಹೇಳಲೇಬೇಕು. ಕಂಬಳಿಹುಳದಷ್ಟು ದಪ್ಪ. ಸಾಧಾರಣ ದಿನಗಳಲ್ಲಿ ಎರಡು ಹುಳ, ಸಿಟ್ಟು ಬಂದರೆ ಎರಡೂ ಸೇರಿ ಒಂದೇ ಉದ್ದನೆಯ ಹುಳ. ನಾನು ಅಜ್ಜನನ್ನು ಅನುಮಾನಿಸಿದ ಸಂಜೆಗಳಲ್ಲಿ ಆ ಉದ್ದ ಹುಳವನ್ನು ಎಷ್ಟೋ ಸಲ ನೋಡಿದ್ದೇನೆ. ಮುಂದಿನ ಭಾನುವಾರ ಮತ್ತೆ ಎರಡಾಗಿ ಬರುತ್ತಿತ್ತು.

(ಈ ಬರಹವನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ನಾನು ಹುಬ್ಬು ಎಂದರೆ ಅದು ಹಬ್ಬ ಎಂದು ಬರೆಯುತ್ತದಂತೆ. ಶಾರದ ತಿದ್ದಿದ್ದಾಳೆ. ಎಲ್ಲಾದರೂ 'ಕುಶಾಲಪ್ಪನ ಹಬ್ಬ' ಉಳಿದಿದ್ದರೆ ಓದುಗರು ಕ್ಷಮಿಸಬೇಕು. ಕೊನೆಗೆ ನೋಡಿದರೆ ಫೋನು ಹೇಳಿದ್ದೂ ಪೂರ್ತಿ ತಪ್ಪಲ್ಲ.)

ಕಣ್ಣಿಗೆ ಮಸುಕು ಬಂದದ್ದು ಮೆಲ್ಲಗೆ. ಮೊದಲು ಅಕ್ಷರದ ಕೆಳಗಿನ ಒತ್ತು ಮಾಯವಾಯಿತು, ಆಮೇಲೆ ಅಕ್ಷರ, ಆಮೇಲೆ ಮುಖ. ನಾನು ಯಾರಿಗೂ ಹೇಳಲಿಲ್ಲ. ಶಾರದಳಿಗೆ ಗೊತ್ತಿತ್ತು, ಅವಳಿಗೆ ಆಧಾರ ಬೇಕಿರಲಿಲ್ಲ. ಹೊರಗಿನವರಿಗೆ ನಾನು ಕಾಣದ ಕಣ್ಣಿನ ಮನುಷ್ಯನಾಗುವ ಬದಲು ಜಂಬದ ಮನುಷ್ಯನಾದೆ. ನಮ್ಮಂಥ ಸಣ್ಣ ಪೇಟೆಯಲ್ಲಿ ಎದುರಿಗೆ ಸಿಕ್ಕವರಿಗೆ "ಎಂತ ವಿಶೇಷ?" ಎನ್ನದೆ ಹೋಗುವುದು ಸಣ್ಣ ತಪ್ಪಲ್ಲ. ಕೊಡವರು, ಗೌಡರು, ಬ್ಯಾರಿಗಳು, ಮಲಯಾಳಿಗಳು ಬೇರೆ ಬೇರೆ ಭಾಷೆಯಲ್ಲಿ ಬೈಯಬಹುದು, ಆದರೆ ಈ ತಪ್ಪಿಗೆ ಎಲ್ಲರದೂ ಒಂದೇ ತೀರ್ಪು: "ಮೇಷ್ಟ್ರಿಗೆ ರಿಟೈರ್ ಆದ್ಮೇಲೆ ತಲೆ ತಿರುಗಿದೆ." ಅದು ನನ್ನ ಕಿವಿಗೂ ಬಿತ್ತು. ಬಿದ್ದಾಗ ಒಳಗೊಳಗೆ ಸಮಾಧಾನವೇ ಆಯಿತು. ಜಂಬಕ್ಕೆ ಒಂದು ಘನತೆಯಿದೆ; ತಡವರಿಸುವುದಕ್ಕೆ ಇಲ್ಲ ಎಂದುಕೊಂಡಿದ್ದೆ.

ಇನ್ನೊಂದು ಹಿಂಸೆಯನ್ನು ನಮ್ಮ ಜನ ಪ್ರೀತಿಯಿಂದಲೇ ಕೊಡುತ್ತಾರೆ. ಬಂದು ಕೈ ಹಿಡಿದು, ಮುಖದ ಹತ್ತಿರ ಮುಖ ತಂದು, "ನಾನ್ಯಾರು, ಹೇಳಿ ನೋಡುವ!" ಎನ್ನುತ್ತಾರೆ. ಗೊತ್ತಾಗದೆ ನಾನು ನಗುತ್ತೇನೆ. "ಗೊತ್ತಾಗ್ಲಿಲ್ವಾ? ಸರಿಯಾಗಿ ನೋಡಿ." ನಾನು ಗೋಡೆ ನೋಡುತ್ತೇನೆ. "ಅಲ್ಲೆಂತ ನೋಡ್ತೀರಿ, ಇಲ್ಲಿ ನೋಡಿ!" ಪರೀಕ್ಷೆ ಮಾಡುವುದೇ ಕಸುಬಾಗಿದ್ದವನನ್ನು ದಿನಕ್ಕೊಬ್ಬರು ನಡುರಸ್ತೆಯಲ್ಲಿ ಫೇಲು ಮಾಡುತ್ತಿದ್ದರು.

ಇಲ್ಲಿ ನನಗೆ ನಮ್ಮ ಅಜ್ಜಿಯ ನೆನಪಾಗುತ್ತದೆ. ಕುಶಾಲನಗರದ ಹತ್ತಿರದ ಆ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ "ಯಾರಪ್ಪಾ ಅದು?" ಎಂದು ಕೂಗಿ ನಿಲ್ಲಿಸುತ್ತಿದ್ದಳು. ಹೋಗುವವರು ನಿಂತು, "ನಾನಜ್ಜಿ, ಕೆಳಗಲ ಮನೆ ಸಣ್ಣಯ್ಯನ ಮಗ, ಗೊಬ್ಬರ ತರಕ್ಕೆ ಹೊಂಟಿವ್ನಿ" ಎಂದು ಪೂರ್ತಿ ವಿಳಾಸ ಒಪ್ಪಿಸಿಯೇ ಮುಂದೆ ಹೋಗಬೇಕು. ಆಗ ನನಗೆ ಅದು ಅಜ್ಜಿಯ ಊರ ಉಸಾಬರಿ ಎನ್ನಿಸುತ್ತಿತ್ತು. ಈಚೆಗೆ ಒಂದು ದಿನ ಹೊಳೆಯಿತು: ಅಜ್ಜಿಗೂ ಕಣ್ಣು ಕಾಣುತ್ತಿರಲಿಲ್ಲವೋ ಏನೋ! ಸಂಭ್ರಮದಿಂದ ತಂಗಿ ಜಯಳಿಗೆ ಫೋನು ಮಾಡಿದೆ.

"ಸುಮ್ನಿರಣ್ಣ," ಎಂದಳು ಜಯ. "ಸಾಯೋ ತನಕ ಅಜ್ಜಿ ಅಕ್ಕೀಲಿ ಕಲ್ಲು ಆರಿಸ್ತಿದ್ಲು."

"ಬೆರಳಲ್ಲಿ ಆರಿಸ್ತಿದ್ಲೋ ಕಣ್ಣಲ್ಲೋ?"

"ಅದನ್ನ ಯಾರು ನೋಡಿದ್ರು? ಅನ್ನದಲ್ಲಿ ಕಲ್ಲು ಸಿಗ್ತಿರ್ಲಿಲ್ಲ, ಅಷ್ಟು ಗೊತ್ತು."

ಹಾಗಾಗಿ ಅಜ್ಜಿಯ ಕಣ್ಣು ಇನ್ನೂ ಇತ್ಯರ್ಥವಾಗದ ಪ್ರಶ್ನೆ. ನನಗೆ ಈಗ ಬೇಕಾದಂತೆ ಅಜ್ಜಿಯನ್ನು ತಿದ್ದಿಕೊಳ್ಳುತ್ತಿದ್ದೇನೆಯೋ ಎಂಬ ಅನುಮಾನವೂ ಇದೆ. ಒಂದು ಮಾತ್ರ ನಿಜ. ಅಜ್ಜಿಯ ಕಟ್ಟೆಯ ಮುಂದೆ, ಯಾರೆಂದು ಹೇಳುವ ಕೆಲಸ ಬಂದವರದಾಗಿತ್ತು; ಊಹಿಸುವ ಕೆಲಸ ಅಜ್ಜಿಯದಾಗಿರಲಿಲ್ಲ.

ಕುಶಾಲಪ್ಪನಿಗೆ ಬರೋಣ. ಹೋದ ವರ್ಷದ ಬೇಸಿಗೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಒಬ್ಬರ ಮಗಳ ಮದುವೆ. ಮಂಟಪದ ಊಟದ ಮನೆಯಲ್ಲಿ ನನ್ನ ಎದುರು ಪಂಕ್ತಿಯಲ್ಲಿ ಕುಶಾಲಪ್ಪ ಕೂತಿದ್ದ. ನಾನು ಕೈ ಎತ್ತಿದೆ. ಅವನು ನನ್ನನ್ನು ನೋಡಿ, ಹುಬ್ಬು ಗಂಟು ಹಾಕಿ, ಮುಖ ಆಚೆ ತಿರುಗಿಸಿದ. ನನ್ನ ಎಲೆಯ ಮೇಲೆ ಪಾಯಸ ಬೀಳುತ್ತಿತ್ತು. ಆ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಆಮೇಲೆ ಅವನು ಭಾನುವಾರ ಬರುವುದು ನಿಂತಿತು. ನಾನೂ ಕರೆಯಲಿಲ್ಲ. ಸ್ವಲ್ಪ ದಿನ ಕಳೆದು ಶಾರದ ಪೇಟೆಯಿಂದ ಒಂದು ಸುದ್ದಿ ತಂದಳು.

"ರೀ, ಮದ್ವೆ ಆದ ವಾರ ಬಸ್‌ಸ್ಟ್ಯಾಂಡಲ್ಲಿ ರೈಟ್ರು ನಿಮಗೆ ಕೈ ಎತ್ತಿದ್ರಂತೆ. ಕರೆದ್ರೂ ಕರೆದ್ರಂತೆ, ಬಸ್ಸಿನ ಸದ್ದಲ್ಲಿ ಕೇಳಿಸ್ಲಿಲ್ವೋ ಏನೋ. ನೀವು ಮೂಗಿನ ಮುಂದೇನೇ ಹೋದ್ರಂತೆ. 'ಮೇಷ್ಟ್ರಿಗೆ ಈಗ ನಾವೆಲ್ಲ ಕಾಣೋದಿಲ್ಲ' ಅಂತ ಬೇಜಾರು ಮಾಡ್ಕೊಂಡಿದಾರೆ. ಹೋಗಿ ಕಣ್ಣಿನ ವಿಷ್ಯ ಹೇಳಿ ಬನ್ನಿ."

"ಮೊದ್ಲು ಮುಖ ತಿರುಗ್ಸಿದ್ದು ಅವನು," ಎಂದೆ. "ಮದುವೇಲಿ. ನನ್ನ ಕಣ್ಣಾರೆ ನೋಡಿದೀನಿ."

ಕಣ್ಣಾರೆ ಎಂಬ ಮಾತನ್ನು ನಾನೇ ಆಡಿದೆ. ಶಾರದ ಚೀಲ ಎತ್ತಿಕೊಂಡು ಒಳಗೆ ಹೋದಳು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ನಾನು ಮನೆಯಿಂದ ಹೊರಗೆ ಹೋಗುವುದೇ ಕಡಿಮೆಯಾಯಿತು. ಭಾನುವಾರದ ಸಂಜೆ ಎಷ್ಟು ಉದ್ದ ಇರುತ್ತದೆ ಎಂದು ಆಗ ಗೊತ್ತಾಯಿತು. "ಆಧಾರ ಏನು?" ಎಂದು ಕೇಳಬೇಕಾದರೂ ಎದುರಿಗೆ ಒಬ್ಬ ಸುಳ್ಳು ಹೇಳುವವನು ಬೇಕು. ನನಗಿದ್ದ ಒಬ್ಬನೇ ಒಬ್ಬ ಸುಳ್ಳುಗಾರ ಕೈಬಿಟ್ಟುಹೋಗಿದ್ದ.

ಕಾವೇರಮ್ಮ ಎಂಬವರು ಸಿಕ್ಕಿದ್ದು ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ. ಡಾಕ್ಟರು ಅವತ್ತು, "ಪೂರ್ತಿ ಹೋಗೋದಿಲ್ಲ, ವಾಪಸ್ಸೂ ಬರೋದಿಲ್ಲ" ಎಂದು ಹೇಳಿ ಕಳಿಸಿದ್ದರು. ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಯಾರೋ ಬಂದು ನನ್ನ ಪಾದವನ್ನು ಚೆನ್ನಾಗಿ ತುಳಿದರು.

"ಸಾರಿ, ಸಾರಿ. ನನಗೆ ಕೆಳಗಡೆ ಕಾಣೋದಿಲ್ಲ," ಎಂದಿತು ಒಂದು ಹೆಂಗಸಿನ ಗಟ್ಟಿ ದನಿ.

ನೋವಿನಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: "ನನಗೆ ನೀವೇ ಕಾಣೋದಿಲ್ಲ."

ಹೊರಗಿನವರ ಮುಂದೆ ಆ ಮಾತನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಛಾವಣಿ ಕುಸಿಯಲಿಲ್ಲ. ಆಕೆ ಪಕ್ಕದಲ್ಲಿ ಕೂತು ಬಿದ್ದು ಬಿದ್ದು ನಕ್ಕರು. ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದವರು, ಕೊಡವರು, ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದಾರೆ. ನಾನು ಅಮ್ಮತ್ತಿ ಕಡೆಯ ರಿಟೈರಾದ ಮೇಷ್ಟ್ರು ಎಂದೆ. ಅವರ ಕಣ್ಣಿನ ಕಾಯಿಲೆ ನನ್ನದಕ್ಕೆ ತಿರುಗುಮುರುಗು. ನಡುವೆ ಒಂದಿಷ್ಟು ಚೊಕ್ಕವಾಗಿ ಕಾಣುತ್ತದೆ, ಸುತ್ತಲೂ ಕತ್ತಲೆ. "ಕೋವಿ ನಳಿಗೆ ಒಳಗಿಂದ ಲೋಕ ನೋಡಿದ ಹಾಗೆ ಮೇಷ್ಟ್ರೆ," ಎಂದರು. ನನ್ನದನ್ನು ವಿವರಿಸಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನೀವು ಬಳೆ, ನಾನು ಬಳೆ ಒಳಗಿನ ತೂತು. ಇಬ್ರೂ ಸೇರಿದ್ರೆ ಒಂದು ಕಣ್ಣಾಯ್ತಲ್ಲ!" ಎಂದರು. ಆಮೇಲೆ, "ಭಾನುವಾರ ಅಮ್ಮತ್ತಿಗೆ ಬನ್ನಿ, ಉಸ್ಮಾನ್ ಅಂಗಡಿಗೆ. ನಮ್ಮಂಥವರು ಕೆಲವರು ಸೇರ್ತೇವೆ" ಎಂದು ಅಪ್ಪಣೆ ಕೊಡಿಸಿದರು.

ನನಗೆ ಸಂಘ ಎಂದರೆ ಆಗುವುದಿಲ್ಲ. ಕಷ್ಟದಲ್ಲಿರುವವರು ಒಟ್ಟಿಗೆ ಕೂತರೆ ಕಷ್ಟ ಕೂಡುತ್ತದೆ, ಕಳೆಯುವುದಿಲ್ಲ ಎನ್ನುವುದು ನನ್ನ ಸಿದ್ಧಾಂತವಾಗಿತ್ತು. ಯಾರಾದರೂ ಭಜನೆ ಹೇಳಿಸುತ್ತಾರೆ, ಇಲ್ಲವೆ ಒಳಗಣ್ಣು ತೆರೆಯಿರಿ ಎಂದು ಉಪದೇಶ ಮಾಡುತ್ತಾರೆ ಎಂದು ಹೆದರಿದ್ದೆ. ಆದರೂ ಹೋದೆ. ಭಾನುವಾರದ ಸಂಜೆಗೆ ಬೇರೆ ಏನು ಗತಿಯಿತ್ತು?

ಉಸ್ಮಾನ್ ಕರಿಮೆಣಸಿನ ವ್ಯಾಪಾರಿ. ಸಕ್ಕರೆ ಕಾಯಿಲೆ ಅವರ ಕಣ್ಣಿನ ಮುಕ್ಕಾಲು ಭಾಗ ತಿಂದಿದೆ. ಅಂಗಡಿಯನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ, ಹಿಂದಿನ ಗೋದಾಮಿನಲ್ಲಿ ಭಾನುವಾರ ಮಧ್ಯಾಹ್ನದ ಮೇಲೆ ಇವರ ದರ್ಬಾರು. ಅಲ್ಲಿಗೆ ದಾರಿ ತಪ್ಪುವ ಹಾಗೇ ಇಲ್ಲ; ಮೂಗು ಕರೆದುಕೊಂಡು ಹೋಗುತ್ತದೆ. ನಾನು ಬಾಗಿಲಲ್ಲಿ ನಿಂತು ಮೂರು ಸಲ ಸೀನಿದೆ.

"ಸೀನು ಕೇಳ್ತು, ಹೆಸರು ಕೇಳ್ಲಿಲ್ಲ," ಎಂದರು ಒಳಗಿನಿಂದ ಉಸ್ಮಾನ್. "ಇಲ್ಲಿ ಒಳಗೆ ಬರುವವರು ಹೆಸರು ಹೇಳಿಯೇ ಬರಬೇಕು ಸಾರೇ. 'ನಾನ್ಯಾರು ಹೇಳಿ ನೋಡುವ' ಅಂತ ಕೇಳಿದವರು ಎಲ್ಲರಿಗೂ ಕಾಫಿ ಕೊಡಿಸ್ಬೇಕು. ಅದು ಕಾನೂನು."

"ನಾನು ಪುಟ್ಟಸ್ವಾಮಿ," ಎಂದೆ. ಎಷ್ಟೋ ಕಾಲದ ಮೇಲೆ ನನ್ನ ಹೆಸರು ನನ್ನ ಕಿವಿಗೆ ಬಿತ್ತು.

"ಆಧಾರ್ ಕಾರ್ಡ್ ಮೇಷ್ಟ್ರಲ್ವಾ?" ಎಂದಿತು ಮೂಲೆಯ ಒಂದು ದನಿ. ಎಲ್ಲರೂ ನಕ್ಕರು. ನಾನು ಚೀಲಗಳ ನಡುವೆ ಕೂತೆ.

ಭಜನೆಯೂ ಇರಲಿಲ್ಲ, ಉಪದೇಶವೂ ಇರಲಿಲ್ಲ. ಜಗಳ ಇತ್ತು. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಬೇಕೋ ಸಕ್ಕರೆ ಡಬ್ಬಿಗೋ ಎಂದು ಒಂದು ಸಂಜೆಯೆಲ್ಲ ವಾದ ನಡೆಯಿತು. ಲೋಟಕ್ಕೆ ಕಾಫಿ ತುಂಬಿದ್ದು ಗೊತ್ತಾಗಲು ಬೆರಳು ಅದ್ದುವುದು ಸರಿಯೋ, ಸದ್ದು ಕೇಳುವುದು ಸರಿಯೋ ಎಂಬುದರಲ್ಲಿ ಎರಡು ಪಕ್ಷ. ಫೋನಿನೊಳಗೆ ಕೂತು ಅಕ್ಷರ ಓದಿ ಹೇಳುವ ಹೆಂಗಸನ್ನು ಎಬ್ಬಿಸುವುದು ಹೇಗೆ ಎಂದು ಉಸ್ಮಾನ್ ನನಗೆ ಕಲಿಸಿದರು. ಆಕೆ ಎದ್ದವಳೇ, ಶಾರದ ಕಳಿಸಿದ ಸಂದೇಶವನ್ನು ಸಭೆಗೆಲ್ಲ ಓದಿ ಹೇಳಿದಳು: "ಬರುವಾಗ ಈರುಳ್ಳಿ. ಹೋದ ಸಲದ ಹಾಗೆ ಕೊಳೆತದ್ದು ಬೇಡ." ಯಾರಾದರೂ ಕೈ ಹಿಡಿದು ಕರುವಿನ ಹಾಗೆ ಎಳೆದರೆ ಒಪ್ಪಬೇಡಿ, ಅವರ ಮೊಣಕೈಯನ್ನು ನೀವು ಹಿಡಿಯಿರಿ, ಆಗ ಅವರು ಹತ್ತಿದ್ದು ಇಳಿದದ್ದು ನಿಮಗೆ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟವರು ಕಾವೇರಮ್ಮ.

ಅವರೂ ನಾನೂ ಬಳೆ ಮತ್ತು ತೂತಿನ ಪ್ರಯೋಗವನ್ನು ಮಾಡಿಯೂ ನೋಡಿದೆವು. ಪೇಟೆಯಲ್ಲಿ ಜೊತೆಯಾಗಿ ನಡೆಯುವಾಗ ನಾನು, "ಬಲಗಡೆಯಿಂದ ಏನೋ ಬರ್ತಿದೆ" ಎನ್ನುವುದು. ಅವರು ಅತ್ತ ತಿರುಗಿ ಕೋವಿಯ ಗುರಿ ಹಿಡಿದು, "ಆಟೋ. ಡ್ರೈವರ್ ಫೋನಲ್ಲಿದ್ದಾನೆ, ನಿಲ್ಲಿ" ಎನ್ನುವುದು. ಹುಡುಕುವುದು ನನ್ನ ಕೆಲಸ, ಗುರುತಿಸುವುದು ಅವರದು. ಇಬ್ಬರು ಅರೆಗಣ್ಣಿನವರು ಅಮ್ಮತ್ತಿಯ ರಸ್ತೆಯನ್ನು ಒಂದು ಪೂರ್ತಿ ಕಣ್ಣಿನಿಂದ ದಾಟುತ್ತಿದ್ದೆವು.

ಒಂದು ಭಾನುವಾರ ಹೊರಗೆ ಮಳೆ. ಬಂದವರು ನಾವು ಮೂವರೇ. ಮಾತು ಯಾರು ಯಾರನ್ನು ಕಳೆದುಕೊಂಡೆವು ಎಂಬುದರ ಕಡೆಗೆ ತಿರುಗಿತು. ಸತ್ತವರಲ್ಲ, ಬದುಕಿರುವಾಗಲೇ ದೂರವಾದವರು. ನಾನು ಕುಶಾಲಪ್ಪನ ಕತೆ ತೆಗೆದೆ. ಮದುವೆ, ಎದುರು ಪಂಕ್ತಿ, ಎತ್ತಿದ ಕೈ, ಬೀಳುತ್ತಿದ್ದ ಪಾಯಸ. "ಹುಬ್ಬು ಗಂಟು ಹಾಕಿ ಮುಖ ಆಚೆ ತಿರುಗಿಸಿಬಿಟ್ಟ," ಎಂದು ಮುಗಿಸಿದೆ. ಇತಿಹಾಸದ ಮೇಷ್ಟ್ರು, ಕತೆ ಹೇಳುವುದಕ್ಕೆ ಬರುತ್ತದೆ. ಇಬ್ಬರ ಮನಸ್ಸಿಗೂ ತಟ್ಟಿರಬೇಕು ಎಂದುಕೊಂಡೆ.

"ಯಾವಾಗ ಇದು?" ಎಂದರು ಕಾವೇರಮ್ಮ.

"ಹೋದ ವರ್ಷ."

"ಆವಾಗ ನಿಮ್ಮ ಕಣ್ಣು?"

"ಈಗಿನ ಹಾಗೇ."

"ಎದುರು ಪಂಕ್ತಿ ಅಂದ್ರೆ, ನಡುವೆ ಬಡಿಸುವವರು ಓಡಾಡುವ ಜಾಗ ಇರ್ತದಲ್ವಾ?"

"ಇರ್ತದೆ."

"ನಾನೀಗ ನಿಮ್ಮ ಎದುರಿಗೆ, ಅದಕ್ಕಿಂತ ಹತ್ತಿರ ಕೂತಿದ್ದೇನೆ. ನನ್ನ ಹುಬ್ಬು ಹೇಗುಂಟು, ಹೇಳಿ."

ನಾನು ಅವರ ಪಕ್ಕದ ಚೀಲ ನೋಡಿದೆ. ಒಂದು ಸೀರೆಯ ಬಣ್ಣ, ಒಂದು ತಲೆಯ ಆಕಾರ. ಅಷ್ಟೇ.

"ಮೇಷ್ಟ್ರೆ," ಎಂದರು ಕಾವೇರಮ್ಮ. ದನಿ ಮೆತ್ತಗಾಗಿತ್ತು. "ಹುಬ್ಬು ಎಲ್ಲಿಂದ ಬಂತು?"

ಉಸ್ಮಾನ್ ಜೋರಾಗಿ ನಕ್ಕರು. "ಸಾರೇ, ಬೇಜಾರು ಮಾಡ್ಬೇಡಿ. ನಾನು ಒಂದು ದಿನ ಇದೇ ಗೋದಾಮಲ್ಲಿ ಅಳಿಯ ಹಲ್ಲು ಕಿರೀತಾ ಕೂತಿದ್ದಾನೆ ಅಂತ ಸರೀ ಬೈದೆ. ಆ ಹಲ್ಲು ಸಮೇತ ಕಂಡಿದೆ ನನಗೆ. ಹತ್ರ ಹೋಗಿ ಮುಟ್ಟಿದ್ರೆ ಮೂಟೆ! ಕಣ್ಣು ಕೊಡದ್ದನ್ನು ತಲೆ ಕೊಡ್ತದೆ ಸಾರೇ. ಅದು ಪುಕ್ಕಟೆ ಕೊಡ್ತದೆ, ಅದೇ ಕಷ್ಟ."

ಮಳೆಯಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ಹುಬ್ಬನ್ನು ವಿಚಾರಣೆ ಮಾಡಿದೆ. ಹುಬ್ಬು ಸ್ಪಷ್ಟವಾಗಿದೆ. ಒಂದೊಂದು ಕೂದಲೂ ಇದೆ. ಎರಡು ಹುಳ ಸೇರಿ ಒಂದಾಗಿದೆ. ಅವನು ತೊಟ್ಟ ಅಂಗಿ ಯಾವ ಬಣ್ಣ? ಗೊತ್ತಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದರು? ಗೊತ್ತಿಲ್ಲ. ಹುಬ್ಬಿನ ಹಿಂದೆ ಏನಿತ್ತು? ಇದನ್ನು ಕೇಳಿಕೊಂಡಾಗ ಕಾಲು ನಿಂತಿತು. ಹುಬ್ಬಿನ ಹಿಂದೆ ನಮ್ಮ ಮನೆಯ ಜಗುಲಿಯ ಕಂಬ ಇತ್ತು. ಅದಕ್ಕೆ ಒರಗಿಸಿದ ಶಾರದಳ ಕಸಬರಿಕೆಯೂ ಇತ್ತು. ನಾನು ಅಜ್ಜನ ಹುಲಿಗೆ ಆಧಾರ ಕೇಳಿದ ಯಾವುದೋ ಹಳೆಯ ಭಾನುವಾರದ ಹುಬ್ಬು ಅದು. ನನ್ನ ತಲೆ ಅದನ್ನು ಕತ್ತರಿಸಿ ತಂದು, ಮದುವೆ ಮನೆಯ ಒಂದು ಮಸುಕಿಗೆ ಅಂಟಿಸಿತ್ತು. ಆ ಮಸುಕು ಕುಶಾಲಪ್ಪನೇ ಎಂಬುದಕ್ಕೂ ಈಗ ನನ್ನ ಹತ್ತಿರ ಸಾಕ್ಷಿಯಿಲ್ಲ. ಯಾರೋ ಪಾಪದವನೊಬ್ಬ ಇನ್ನೊಂದು ಸೌಟು ಸಾರಿಗಾಗಿ ಆಚೆ ತಿರುಗಿದ್ದಿರಬಹುದು.

ಊರಿಗೆಲ್ಲ ಆಧಾರ ಕೇಳಿದವನು ನನ್ನ ಒಂದು ನೆನಪಿಗೆ ಮಾತ್ರ ಕೇಳಿರಲಿಲ್ಲ.

ಆಶ್ಚರ್ಯವೆಂದರೆ ನನಗೆ ನಾಚಿಕೆಗಿಂತ ಹೆಚ್ಚು ಖುಷಿಯಾಗಿತ್ತು. ಹುಬ್ಬು ಸುಳ್ಳಾದರೆ ಜಗಳವೂ ಸುಳ್ಳು. ಆದರೆ ಬಸ್‌ಸ್ಟ್ಯಾಂಡು ಸುಳ್ಳಲ್ಲ. ಅಲ್ಲಿ ಕುಶಾಲಪ್ಪ ನಿಜವಾಗಿ ಕೈ ಎತ್ತಿದ್ದ, ನಾನು ನಿಜವಾಗಿ ಅವನ ಮೂಗಿನ ಮುಂದೆ ನಡೆದುಹೋಗಿದ್ದೆ. ನನ್ನ ಹತ್ತಿರ ಇದ್ದದ್ದು ಖೋಟಾ ದೂರು, ಅವನ ಹತ್ತಿರ ಇದ್ದದ್ದು ಅಸಲಿ. ಅವನು ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಬಹುದು.

ಮುಂದಿನ ಭಾನುವಾರ ಗೋದಾಮಿಗೆ ಹೋಗದೆ ಕುಶಾಲಪ್ಪನ ಮನೆಗೆ ಹೊರಟೆ. ಕಾವೇರಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು, "ನಾನೂ ಬರ್ತೇನೆ. ಆ ಹುಬ್ಬು ನನಗೂ ನೋಡ್ಬೇಕು" ಎಂದರು. ಆಟೋ ಇಳಿದು, ಎಸ್ಟೇಟಿನ ಬೇಲಿಯ ಪಕ್ಕದ ಕಾಲುದಾರಿಯಲ್ಲಿ ಅವರ ಮೊಣಕೈ ಹಿಡಿದು ನಡೆದೆ. ಬಲಗಡೆ ಚರಂಡಿ ಎಂದು ನಾನು ಹೇಳಿದೆ, ಎದುರಿಗೆ ಗೇಟು ಎಂದು ಅವರು ಹೇಳಿದರು. ಗೇಟಿನ ಹತ್ತಿರ ನಿಂತೆವು. ಕುಶಾಲಪ್ಪನ ನಾಯಿ ಒಂದು ಸಲ ಬೊಗಳಿ, ನನ್ನ ವಾಸನೆ ಹಿಡಿದು, ಬಾಲ ಬಡಿಯತೊಡಗಿತು. ಅದಕ್ಕೆ ನನ್ನ ಹೆಸರು ಬೇಕಾಗಲಿಲ್ಲ.

"ಜಗುಲಿಯಲ್ಲಿ ಒಬ್ಬರು ಕೂತಿದ್ದಾರೆ," ಎಂದರು ಕಾವೇರಮ್ಮ ಪಿಸುಮಾತಿನಲ್ಲಿ.

"ಹುಬ್ಬು?"

ಅವರು ಸ್ವಲ್ಪ ಹೊತ್ತು ಗುರಿ ಹಿಡಿದರು. "ದಪ್ಪ ಉಂಟು. ಬಿಳಿ ಆಗಿದೆ. ಗಂಟಿಲ್ಲ. ಬಾಯಿ ತೆರೆದುಕೊಂಡಿದೆ."

ಬಿಳಿ. ನನ್ನ ತಲೆಯೊಳಗಿನ ಹುಬ್ಬು ಇನ್ನೂ ಕಪ್ಪಾಗಿತ್ತು.

ನಾನು ಗೇಟು ದೂಡಿ, ಮಸುಕಿನ ಕಡೆಗೆ ಮುಖ ಮಾಡಿ, ಗೋದಾಮಿನ ಕಾನೂನಿನ ಪ್ರಕಾರ ಗಟ್ಟಿಯಾಗಿ ಹೇಳಿದೆ: "ನಾನು ಪುಟ್ಟಸ್ವಾಮಿ. ನನಗೆ ಕಣ್ಣು ಕಾಣೋದಿಲ್ಲ ಕುಶಾಲಪ್ಪ. ಎರಡು ಮೂರು ವರ್ಷ ಆಯ್ತು. ಅವತ್ತು ಬಸ್‌ಸ್ಟ್ಯಾಂಡಲ್ಲಿ ನೀನು ನನಗೆ ಕಾಣ್ಲಿಲ್ಲ."

ಕುರ್ಚಿ ಕಿರ್ರೆಂದಿತು. ಎದ್ದು ಒಳಗೆ ಹೋದನೇನೋ ಎಂದುಕೊಂಡೆ. ನಾಯಿಯ ಬಾಲ ಮಾತ್ರ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಆಮೇಲೆ ಆ ದನಿ ಬಂತು:

"ಅದಕ್ಕೆ ಆಧಾರ ಎಂತ?"

ನನ್ನ ಮಾತನ್ನು ಇಷ್ಟು ವರ್ಷ ಕೂಡಿಟ್ಟುಕೊಂಡು, ಸರಿಯಾದ ಹೊತ್ತು ನೋಡಿ ನನಗೇ ವಾಪಸು ಕೊಟ್ಟಿದ್ದ. ಡಾಕ್ಟರ ಚೀಟಿ ಜೇಬಿನಲ್ಲಿತ್ತು. ತೆಗೆಯಬೇಕೆನ್ನಿಸಲಿಲ್ಲ.

"ನಾನೇ ಆಧಾರ," ಎಂದೆ.

"ನಿನ್ನ ಕತೆಗೆ ನೀನೇ ಆಧಾರ ಆದ್ರೆ ಹೇಗೆ ಮಾರಾಯ?" ಎನ್ನುತ್ತಾ ಅವನು ದಡಬಡನೆ ಮೆಟ್ಟಿಲಿಳಿದು ಬಂದ. ಬಂದವನೇ ನನ್ನ ಮಣಿಕಟ್ಟು ಹಿಡಿದು ಕರುವಿನ ಹಾಗೆ ಎಳೆಯತೊಡಗಿದ. "ಬಾ, ಬಾ, ಮೆಟ್ಟಿಲುಂಟು, ನೋಡ್ಕೊಂಡು... ಛೇ, ನೋಡ್ಬೇಡ, ಸುಮ್ನೆ ಬಾ. ನನ್ನತ್ರ ಹೇಳ್ಬಾರ್ದಿತ್ತಾ? ನಾನು ಕೈ ಎತ್ತಿ ಎತ್ತಿ ಭುಜ ಹೋಯ್ತು!"

"ಕೈ ಬಿಡು," ಎಂದೆ. "ಮೊಣಕೈ ಕೊಡು."

"ಮೊಣಕೈ ಎಂತಕೆ?"

"ಕೊಡು, ಹೇಳ್ತೀನಿ."

ಅವನು ಅನುಮಾನದಿಂದ ಮೊಣಕೈಯನ್ನು ಯಾರನ್ನೋ ತಿವಿಯುವವನಂತೆ ಚೂಪಾಗಿ ಚಾಚಿದನಂತೆ. ಗೇಟಿನ ಹತ್ತಿರದಿಂದ ಕಾವೇರಮ್ಮನ ದನಿ ಬಂತು:

"ಮೇಷ್ಟ್ರೆ, ಈಗ ಗಂಟಾಯ್ತು ನೋಡಿ ಹುಬ್ಬು! ಎರಡೂ ಸೇರಿ ಒಂದಾಯ್ತು!"

"ಆಗ್ಲಿ," ಎಂದು ನಾನು ಆ ಮೊಣಕೈಯನ್ನು ಹಿಡಿದುಕೊಂಡೆ. "ಆ ಹುಬ್ಬು ನನಗೆ ಗೊತ್ತಿರೋದೇ."